‘ನಂಬರ್ ಒನ್’ ಎಂದವರು ಲೆಕ್ಕ ಕೊಡಲಿ

2022ರ ಮಾರ್ಚ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸೆನ್ಸೊಡೈನ್ ಟೂತ್‌ಪೇಸ್ಟಿನ ಜಾಹೀರಾತುಗಳನ್ನು ನಿಲ್ಲಿಸಲು ಹೇಳಿ, 10 ಲಕ್ಷ ರೂಪಾಯಿ ದಂಡ ಹಾಕಿತು. ‘ಜಗತ್ತಿನಾದ್ಯಂತ ದಂತವೈದ್ಯರ ಶಿಫಾರಸು’, ‘ಸೆನ್ಸಿಟಿವಿಟಿಗೆ ಜಗತ್ತಿನ ನಂಬರ್ ಒನ್ ಟೂತ್‌ಪೇಸ್ಟ್’ ಎಂಬ ಮಾತುಗಳು ಆ ಜಾಹೀರಾತುಗಳಲ್ಲಿದ್ದವು. ಇವಕ್ಕೆ ಆಧಾರವೇನು ಎಂದು ಕೇಳಿದಾಗ ಕಂಪನಿ ಮುಂದಿಟ್ಟದ್ದು ಎರಡು ಮಾರುಕಟ್ಟೆ ಸಮೀಕ್ಷೆಗಳನ್ನು. ಎರಡರಲ್ಲೂ ಮಾತನಾಡಿಸಿದ್ದು ಭಾರತದ ದಂತವೈದ್ಯರನ್ನಷ್ಟೇ. ಜಗತ್ತಿನ ಬಗ್ಗೆ ಆಡಿದ ಮಾತಿಗೆ ಒಂದು ದೇಶದ ಸಾಕ್ಷ್ಯ ಸಾಲದು ಎಂದು ಪ್ರಾಧಿಕಾರ ತೀರ್ಮಾನಿಸಿತು.

ಆ ಪ್ರಕರಣದಲ್ಲಿ ತಪ್ಪು ಕಣ್ಣಿಗೆ ಕಾಣುವಂತಿತ್ತು. ಆದರೆ ನಾವು ದಿನವೂ ನೋಡುವ ಇಂಥ ಮಾತುಗಳಲ್ಲಿ ಹೆಚ್ಚಿನವು ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ‘ಹತ್ತರಲ್ಲಿ ಆರು ಗೃಹಿಣಿಯರ ಆಯ್ಕೆ’, ‘ಮಾರುಕಟ್ಟೆಯ ಶೇ 40ರಷ್ಟು ಪಾಲು ನಮ್ಮದು’, ‘ದಕ್ಷಿಣ ಭಾರತದ ಅಗ್ರ ಬ್ರ್ಯಾಂಡ್’ ಎನ್ನುತ್ತಾರೆ. ಪರದೆಯ ಅಡಿಯಲ್ಲಿ ಎರಡು ಸೆಕೆಂಡು ಸಣ್ಣ ಅಕ್ಷರದಲ್ಲಿ ಯಾವುದೋ ಸಮೀಕ್ಷೆಯ ಹೆಸರು ಸರಿದುಹೋಗುತ್ತದೆ. ಈ ಮಾತುಗಳೆಲ್ಲ ಒಟ್ಟು ಗ್ರಾಹಕರಲ್ಲಿ ಇಷ್ಟು ಪಾಲು ನಮ್ಮ ಕಡೆಗಿದೆ ಎಂಬ ಅನುಪಾತದ ಹೇಳಿಕೆಗಳು. ಅನುಪಾತದ ಹೇಳಿಕೆಯನ್ನು ಒರೆಗೆ ಹಚ್ಚಲು ಸಂಖ್ಯಾಶಾಸ್ತ್ರದಲ್ಲಿ ಒಂದು ನಿಶ್ಚಿತ ವಿಧಾನವಿದೆ. ಕರ್ನಾಟಕದ ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಕಲಿಯುತ್ತಾರೆ. ವಿಧಾನ ಸರಳವೇ. ಆದರೆ ಅದನ್ನು ಯಾವ ದಿಕ್ಕಿನಿಂದ ಹಿಡಿಯುತ್ತೇವೆ ಎನ್ನುವುದರ ಮೇಲೆ ಸುಳ್ಳು ಸಿಕ್ಕಿಬೀಳುವುದೋ ಪಾರಾಗುವುದೋ ನಿರ್ಧಾರವಾಗುತ್ತದೆ. ಹೇಳಿಕೆಯನ್ನು ಅಲ್ಲಗಳೆಯುವ ಹೊಣೆ ಕೇಳುವವರ ಮೇಲೆ ಇರಬಾರದು, ರುಜುಪಡಿಸುವ ಹೊಣೆ ಹೇಳಿದವರ ಮೇಲೆಯೇ ಇರಬೇಕು ಎಂಬುದು ನನ್ನ ವಾದ.

ಮೊದಲು ವಿಧಾನವನ್ನು ನೋಡೋಣ. ಒಂದು ಕಂಪನಿ ತನ್ನ ಚಹಾಪುಡಿಗೆ ಶೇ 40ರಷ್ಟು ಗ್ರಾಹಕರಿದ್ದಾರೆ ಎನ್ನುತ್ತದೆ ಎಂದುಕೊಳ್ಳಿ. ಇದು ಉದಾಹರಣೆಗಾಗಿ ಕಟ್ಟಿಕೊಂಡ ಲೆಕ್ಕ. ನಾವು ಯಾದೃಚ್ಛಿಕವಾಗಿ, ಅಂದರೆ ಯಾರನ್ನೂ ಬೇಕೆಂದು ಆರಿಸದೆ, 100 ಮನೆಗಳನ್ನು ಕೇಳುತ್ತೇವೆ. 34 ಮನೆಯವರು ಆ ಚಹಾಪುಡಿ ಬಳಸುತ್ತೇವೆ ಎನ್ನುತ್ತಾರೆ. ಹೇಳಿದ್ದು 40, ಸಿಕ್ಕಿದ್ದು 34. ಹಾಗಾದರೆ ಕಂಪನಿ ಹೇಳಿದ್ದು ಸುಳ್ಳೇ?

ಅಷ್ಟು ಅವಸರ ಸಲ್ಲದು. ನಿಜವಾದ ಪಾಲು ಶೇ 40 ಇದ್ದರೂ, ನೂರು ಮನೆ ಕೇಳಿದಾಗಲೆಲ್ಲ ಸರಿಯಾಗಿ 40 ಸಿಗುವುದಿಲ್ಲ. ಒಮ್ಮೆ 43 ಬರಬಹುದು, ಇನ್ನೊಮ್ಮೆ 37. ಈ ಏರಿಳಿತ ಸಹಜವಾಗಿ ಎಷ್ಟಿರುತ್ತದೆ ಎಂದು ತಿಳಿಯುವುದೇ ಪರೀಕ್ಷೆಯ ತಿರುಳು. 0.40ನ್ನು 0.60ರಿಂದ ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.049 ಬರುತ್ತದೆ. ಇದಕ್ಕೆ ಪ್ರಮಾಣ ದೋಷ ಎನ್ನುತ್ತಾರೆ. ನಮಗೆ ಕಂಡ ಅಂತರ 0.06. ಅದು ಪ್ರಮಾಣ ದೋಷದ 1.22 ಪಟ್ಟು. ಪಾಲು ನಿಜಕ್ಕೂ ಶೇ 40 ಇದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಕೊರತೆ ಬರೀ ಆಕಸ್ಮಿಕವಾಗಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಸಲ ಕಾಣಿಸಿಕೊಳ್ಳುತ್ತದೆ. ರೂಢಿಯಲ್ಲಿರುವ ಗಡಿ ಇಪ್ಪತ್ತರಲ್ಲಿ ಒಂದು, ಅಂದರೆ ಶೇ 5. ಆ ಗಡಿ ದಾಟದ ಕಾರಣ ಹೇಳಿಕೆಯನ್ನು ತಳ್ಳಿಹಾಕಲು ಆಧಾರ ಸಾಲದು.

ಈಗ 100ರ ಬದಲು 900 ಮನೆಗಳನ್ನು ಕೇಳಿ, 306 ಮನೆಗಳು ಹೌದು ಎಂದವು ಎನ್ನಿ. ಪಾಲು ಮತ್ತೆ ಶೇ 34. ಆದರೆ ಪ್ರಮಾಣ ದೋಷ 0.016ಕ್ಕೆ ಇಳಿದಿದೆ, ಅಂತರ ಅದರ 3.67 ಪಟ್ಟಾಗಿದೆ. ಆಕಸ್ಮಿಕವಾಗಿ ಹೀಗಾಗುವುದು ಹತ್ತು ಸಾವಿರಕ್ಕೆ ಒಂದೆರಡು ಸಲ. ಹೇಳಿಕೆ ಬಿದ್ದುಹೋಯಿತು. ಒಂದೇ ಶೇಕಡಾವಾರು, ಎರಡು ತೀರ್ಪು. ‘ಶೇ 34’ ಎಂಬ ಸಂಖ್ಯೆಗೆ ತನ್ನಷ್ಟಕ್ಕೆ ಸಾಕ್ಷ್ಯದ ತೂಕವಿಲ್ಲ, ಎಷ್ಟು ಜನರನ್ನು ಕೇಳಿ ಬಂದದ್ದು ಎಂಬುದು ಜೊತೆಗಿದ್ದಾಗಲೇ ಅದಕ್ಕೆ ತೂಕ ಎಂಬುದನ್ನು ಇದು ತೋರಿಸುತ್ತದೆ.

ಪ್ರಮಾಣ ದೋಷವನ್ನು ಲೆಕ್ಕ ಹಾಕುವಾಗ ನಾವು ಸಮೀಕ್ಷೆಯಲ್ಲಿ ಸಿಕ್ಕ 0.34ನ್ನು ಬಳಸಲಿಲ್ಲ, ಕಂಪನಿ ಹೇಳಿದ 0.40ನ್ನೇ ಬಳಸಿದೆವು. ಎದುರಾಳಿಯ ಮಾತನ್ನು ಒಮ್ಮೆ ನಿಜವೆಂದೇ ಇಟ್ಟುಕೊಂಡು, ಆಗ ಲೋಕ ಹೇಗಿರಬೇಕಿತ್ತು ಎಂದು ಕೇಳುವ ಕ್ರಮ ಇದು. ಇದೇ ತತ್ತ್ವವನ್ನು ಸಾರ್ವತ್ರಿಕ ರೂಪಕ್ಕೆ ತಂದು 1948ರಲ್ಲಿ ಪ್ರಕಟಿಸಿದವರು ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಸಂಖ್ಯಾಶಾಸ್ತ್ರ ಲೋಕ ಅದನ್ನು ರಾವ್ ಅವರ ಸ್ಕೋರ್ ಪರೀಕ್ಷೆ ಎಂದೇ ಕರೆಯುತ್ತದೆ. ಹೇಳಿದ ಪಾಲನ್ನು ಛೇದದಲ್ಲಿಟ್ಟು ಮಾಡುವ ಅನುಪಾತದ ಪರೀಕ್ಷೆ ಅದರ ಅತ್ಯಂತ ಸರಳ ರೂಪ. ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ರಾವ್ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಅವರು ತೀರಿಕೊಂಡರು. ಸಮೀಕ್ಷೆಯ ವಿಜ್ಞಾನಕ್ಕೆ ಇಷ್ಟು ಕೊಟ್ಟ ದೇಶದಲ್ಲಿ ಜಾಹೀರಾತಿನ ಶೇಕಡಾವಾರುಗಳು ಪ್ರಶ್ನೆಯಿಲ್ಲದೆ ಓಡಾಡುವುದು ನನಗೆ ಸರಿಯೆನಿಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. 100 ಮನೆಗಳ ಸಮೀಕ್ಷೆಯಲ್ಲಿ ಹೇಳಿಕೆ ಬೀಳಲಿಲ್ಲ ಎಂದೆ. ಅದರರ್ಥ ಹೇಳಿಕೆ ನಿಜವೆಂದು ಗೊತ್ತಾಯಿತು ಎಂದಲ್ಲ. ಪಠ್ಯಗಳ ಲೆಕ್ಕಗಳಲ್ಲಿ ಸಾಮಾನ್ಯವಾಗಿ ‘ಕಂಪನಿಯೊಂದು ಶೇ 40 ಪಾಲು ತನ್ನದೆನ್ನುತ್ತದೆ, ಪರೀಕ್ಷಿಸಿ’ ಎಂದಿರುತ್ತದೆ. ವಿದ್ಯಾರ್ಥಿ ಕಂಪನಿಯ ಮಾತನ್ನೇ ಶೂನ್ಯ ಪ್ರಾಕ್ಕಲ್ಪನೆಯಾಗಿ, ಅಂದರೆ ತಳ್ಳಿಹಾಕುವಷ್ಟು ಸಾಕ್ಷ್ಯ ಸಿಗುವವರೆಗೆ ಉಳಿಸಿಕೊಳ್ಳುವ ಊಹೆಯಾಗಿ, ಇಟ್ಟುಕೊಳ್ಳುತ್ತಾನೆ. ಅಂತರ ಸಣ್ಣದಾದರೆ ‘ಊಹೆಯನ್ನು ಸ್ವೀಕರಿಸಲಾಗಿದೆ, ಹೇಳಿಕೆ ಸರಿ’ ಎಂದು ಬರೆದು ಮುಗಿಸುತ್ತಾನೆ. ಆ ಕೊನೆಯ ಎರಡು ಪದಗಳಲ್ಲಿ ದೊಡ್ಡ ದೋಷವಿದೆ.

ನಿಜವಾದ ಪಾಲು ಶೇ 34 ಮಾತ್ರ ಎಂದಿಟ್ಟುಕೊಳ್ಳಿ. ಅಂದರೆ ಶೇ 40 ಎಂಬುದು ಅಪ್ಪಟ ಸುಳ್ಳು. 100 ಮನೆಗಳ ಸಮೀಕ್ಷೆಗೆ ಈ ಸುಳ್ಳನ್ನು ಹಿಡಿಯುವ ಶಕ್ತಿ ಎಷ್ಟು? ಲೆಕ್ಕ ಹಾಕಿದರೆ ಸುಮಾರು ಮೂರರಲ್ಲಿ ಒಂದು ಸಲ. ಉಳಿದ ಎರಡು ಸಲವೂ ಸುಳ್ಳು ಪಾರಾಗುತ್ತದೆ. ಅದೇ 900 ಮನೆಗಳನ್ನು ಕೇಳಿದರೆ ನೂರಕ್ಕೆ ತೊಂಬತ್ತೆಂಟು ಸಲ ಸಿಕ್ಕಿಬೀಳುತ್ತದೆ. ತಪ್ಪುಗಳಲ್ಲಿ ಎರಡು ಬಗೆ ಇದೆ, ನಿಜವನ್ನು ಸುಳ್ಳೆನ್ನುವುದು ಒಂದು, ಸುಳ್ಳನ್ನು ಸುಳ್ಳೆಂದು ಗುರುತಿಸದೆ ಹೋಗುವುದು ಇನ್ನೊಂದು, ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು ಎಂದು ನೇಮನ್ ಮತ್ತು ಪಿಯರ್ಸನ್ 1933ರಲ್ಲೇ ತೋರಿಸಿಕೊಟ್ಟಿದ್ದರು. ಕಂಪನಿಯ ಮಾತನ್ನು ಶೂನ್ಯ ಪ್ರಾಕ್ಕಲ್ಪನೆಯ ಸ್ಥಾನದಲ್ಲಿ ಕೂರಿಸಿದಾಗ ಎರಡನೆಯ ತಪ್ಪು ಕಡೆಗಣನೆಗೆ ಒಳಗಾಗುತ್ತದೆ. ಕೆಟ್ಟ ಪರಿಣಾಮ ಏನೆಂದರೆ, ಸಮೀಕ್ಷೆ ಚಿಕ್ಕದಾದಷ್ಟೂ, ಅಂದರೆ ಪುರಾವೆ ಬಡವಾದಷ್ಟೂ, ಹೇಳಿಕೆ ಭದ್ರವಾಗುತ್ತದೆ. ಕಡಿಮೆ ಕೆಲಸ ಮಾಡಿದವರಿಗೆ ಹೆಚ್ಚು ರಕ್ಷಣೆ ಸಿಗುವ ಈ ಏರ್ಪಾಡು ನ್ಯಾಯವಲ್ಲ.

ಪರಿಹಾರ ಕಷ್ಟದ್ದಲ್ಲ. ಸ್ಥಾನ ಬದಲಿಸಿದರೆ ಸಾಕು. ‘ಪಾಲು ಶೇ 40ಕ್ಕಿಂತ ಹೆಚ್ಚಿಲ್ಲ’ ಎಂಬುದು ಮೊದಲ ಊಹೆಯಾಗಲಿ. ಅದನ್ನು ಉರುಳಿಸುವ ಸಾಕ್ಷ್ಯವನ್ನು ಕಂಪನಿ ತರಲಿ. ಶೇ 5ರ ಗಡಿಯನ್ನೇ ಇಟ್ಟುಕೊಂಡರೆ, 100 ಮನೆ ಕೇಳಿದವರು ಕನಿಷ್ಠ 49 ಮನೆಗಳ ಬೆಂಬಲ ತೋರಿಸಬೇಕು. 900 ಮನೆ ಕೇಳಿದವರಿಗೆ 385 ಸಾಕು, ಅಂದರೆ ಶೇ 43ಕ್ಕೂ ತುಸು ಕಡಿಮೆ. ಇಲ್ಲಿ ಹೆಚ್ಚು ಶ್ರಮ ಪಟ್ಟವರಿಗೆ ಗಡಿ ಹತ್ತಿರವಾಗುತ್ತದೆ. ಪ್ರಾಮಾಣಿಕರಿಗೆ ದೊಡ್ಡ ಸಮೀಕ್ಷೆ ಮಾಡಲು ಕಾರಣ ಸಿಗುತ್ತದೆ.

ಇದಕ್ಕೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವೂ ಅಲ್ಲ. ನಿಜಕ್ಕೂ ಶೇ 40 ಪಾಲು ಇರುವ ಕಂಪನಿ ‘40ಕ್ಕಿಂತ ಹೆಚ್ಚು’ ಎಂದು ಎಂದಿಗೂ ರುಜುಪಡಿಸಲಾರದು, ಇದು ಅನ್ಯಾಯವಲ್ಲವೇ ಎಂದು ಕೇಳಬಹುದು. ಆದರೆ ಆ ಕಂಪನಿಗೆ ಮಾತಾಡುವ ದಾರಿ ಮುಚ್ಚಿಲ್ಲ. 900 ಮನೆ ಕೇಳಿ ಶೇ 40 ಕಂಡವರು ‘ನಮ್ಮ ಪಾಲು ಶೇ 37ಕ್ಕಿಂತ ಹೆಚ್ಚು’ ಎಂದು ಧೈರ್ಯವಾಗಿ ಹೇಳಬಹುದು. 2,500 ಮನೆ ಕೇಳಿದ್ದರೆ ‘38ಕ್ಕಿಂತ ಹೆಚ್ಚು’ ಎನ್ನಬಹುದು. ಸಾಕ್ಷ್ಯ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತು ಹೋಗಲಿ ಎಂದಷ್ಟೇ ಇಲ್ಲಿಯ ಬೇಡಿಕೆ. ಇನ್ನೊಂದು ಆಕ್ಷೇಪ ಸಣ್ಣ ಉದ್ಯಮಿಗಳ ಪರವಾದದ್ದು. ದೊಡ್ಡ ಸಮೀಕ್ಷೆಗೆ ಅವರಲ್ಲಿ ಹಣವೆಲ್ಲಿ? ನಿಜ, ಇರುವುದಿಲ್ಲ. ಆದರೆ ಶೇಕಡಾವಾರು ಹೇಳಲೇಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ. ರುಚಿ, ಬೆಲೆ, ತಯಾರಿಕೆಯ ರೀತಿ, ಇವನ್ನು ಹೇಳಿ ಮಾರಬಹುದು. ಹಾಗೆ ನೋಡಿದರೆ ಆಧಾರವಿಲ್ಲದ ‘ನಂಬರ್ ಒನ್’ ಮಾತಿನಿಂದ ಹೆಚ್ಚು ಪೆಟ್ಟು ತಿನ್ನುವವರು ಈ ಸಣ್ಣವರೇ. ಜಾಹೀರಾತಿನ ಬಲವಿಲ್ಲದೆ ಒಳ್ಳೆಯ ಮಾಲು ಮಾಡುವವರ ಮುಂದೆ ಅಂಗಡಿಯ ಗಿರಾಕಿ ಎಲ್ಲರೂ ಕೊಳ್ಳುವುದನ್ನೇ ಕೊಳ್ಳೋಣ ಎಂದು ಇನ್ನೊಂದನ್ನು ಎತ್ತಿಕೊಳ್ಳುತ್ತಾನೆ.

ಕಾನೂನಿನ ದಿಕ್ಕೂ ಇದೇ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ತಪ್ಪುದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. 2022ರ ಜೂನ್‌ನಲ್ಲಿ ಹೊರಬಂದ ಮಾರ್ಗಸೂಚಿಗಳು ಹೇಳಿಕೆಗೆ ಆಧಾರ ಒದಗಿಸುವ ಹೊಣೆಯನ್ನು ಜಾಹೀರಾತುದಾರರ ಮೇಲೆ ಹೊರಿಸುತ್ತವೆ. ಜಾಹೀರಾತು ಉದ್ಯಮವೇ 1985ರಲ್ಲಿ ಕಟ್ಟಿಕೊಂಡ ಸ್ವನಿಯಂತ್ರಣ ಮಂಡಳಿಯ ಸಂಹಿತೆಯಲ್ಲೂ ಈ ತತ್ತ್ವವಿದೆ. ಕಾನೂನು ಒಪ್ಪಿಕೊಂಡದ್ದನ್ನು ಲೆಕ್ಕದ ಕ್ರಮವೂ ಒಪ್ಪಿಕೊಳ್ಳಬೇಕಲ್ಲವೇ?

‘ನಂಬರ್ ಒನ್’ ಎಂಬ ಮಾತಿಗೆ ಪರೀಕ್ಷೆ ಇನ್ನೂ ಬಿಗಿಯಾಗುತ್ತದೆ. ಅಲ್ಲಿ ಹೋಲಿಕೆ ಒಂದು ಸ್ಥಿರ ಸಂಖ್ಯೆಯ ಜೊತೆಗಲ್ಲ, ಎರಡನೆಯ ಸ್ಥಾನದ ಬ್ರ್ಯಾಂಡಿನ ಜೊತೆ. 500 ಜನರನ್ನು ಕೇಳಿದಾಗ ಒಂದಕ್ಕೆ ಶೇ 31, ಇನ್ನೊಂದಕ್ಕೆ ಶೇ 28 ಬಂತೆನ್ನಿ. ಎರಡೂ ಒಂದೇ ಗುಂಪಿನಿಂದ ಬಂದ ಸಂಖ್ಯೆಗಳು, ಒಬ್ಬರಿಗೆ ಹೋದ ಉತ್ತರ ಇನ್ನೊಬ್ಬರಿಗೆ ತಪ್ಪಿದ ಉತ್ತರ. ಹಾಗಾಗಿ ಅಂತರದ ಪ್ರಮಾಣ ದೋಷ, ಎರಡು ಬೇರೆ ಬೇರೆ ಗುಂಪುಗಳಿಂದ ಬಂದಿದ್ದರೆ ಇರುತ್ತಿದ್ದುದಕ್ಕಿಂತ ದೊಡ್ಡದು. ಇಲ್ಲಿ ಅದು ಸುಮಾರು 0.034. ಕಂಡ ಅಂತರ 0.03. ಅಂದರೆ ಮೊದಲ ಸ್ಥಾನ ಯಾರದೆಂದು ಈ ಸಮೀಕ್ಷೆಗೆ ಗೊತ್ತಿಲ್ಲ. ಮೂರು ಅಂಶದ ಇದೇ ಮುನ್ನಡೆಯನ್ನು ಶೇ 5ರ ಗಡಿಯಲ್ಲಿ ನಿಲ್ಲಿಸಬೇಕಾದರೆ ಹೆಚ್ಚುಕಡಿಮೆ 1,800 ಜನರನ್ನು ಕೇಳಬೇಕು. ಪೈಪೋಟಿ ಬಿರುಸಾಗಿರುವ ಮಾರುಕಟ್ಟೆಯಲ್ಲಿ ‘ನಂಬರ್ ಒನ್’ ಎನ್ನುವುದು ಅತಿ ಸುಲಭವಾಗಿ ಆಡುವ ಮಾತು, ಅತಿ ಕಷ್ಟದಿಂದ ರುಜುವಾಗುವ ಮಾತು.

ಇಷ್ಟೆಲ್ಲ ಹೇಳಿದ ಮೇಲೆ ಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ. ಕಂಡ ಅಂತರ ಬರೀ ಆಕಸ್ಮಿಕದಿಂದ ಬಂದಿರಬಹುದೇ ಎಂದು. ಕೇಳಿದ ಜನ ಸರಿಯಾದವರೇ, ಕೇಳಿದ ಪ್ರಶ್ನೆ ಸರಿಯೇ ಎಂಬುದು ಅದಕ್ಕೆ ಕಾಣುವುದಿಲ್ಲ. 1936ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ಮರಳಿ ಬಂದವು. ಅವುಗಳ ಆಧಾರದ ಮೇಲೆ ಆಲ್ಫ್ರೆಡ್ ಲ್ಯಾಂಡನ್‌ಗೆ ಶೇ 57ರಷ್ಟು ಮತ ಎಂದು ಪತ್ರಿಕೆ ಸಾರಿತು. ಗೆದ್ದದ್ದು ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್, ಶೇ 61ರ ಸನಿಹದ ಮತಗಳೊಂದಿಗೆ. ಲ್ಯಾಂಡನ್‌ಗೆ ದಕ್ಕಿದ್ದು ಎರಡೇ ರಾಜ್ಯ. ಪತ್ರಿಕೆಯ ಅಂಕಿಗಳನ್ನು ನಮ್ಮ ಸೂತ್ರಕ್ಕೆ ಹಾಕಿದ್ದರೆ ಅಂತರ ಪ್ರಮಾಣ ದೋಷದ ಇನ್ನೂರು ಪಟ್ಟು ಮೀರಿ, ಲ್ಯಾಂಡನ್ ಗೆಲುವಿನಲ್ಲಿ ಎಳ್ಳಷ್ಟೂ ಅನುಮಾನ ಬೇಡ ಎಂದು ಸೂತ್ರ ಹೇಳುತ್ತಿತ್ತು. ವಿಳಾಸಗಳನ್ನು ಆಯ್ದದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಫೋನು, ಕಾರು ಇದ್ದವರು ದೇಶದ ಪ್ರತಿನಿಧಿಗಳಾಗಿರಲಿಲ್ಲ. ಉತ್ತರ ಕಳಿಸಿದವರೂ ಕಳಿಸದವರೂ ಒಂದೇ ಮನಸ್ಸಿನವರಾಗಿರಲಿಲ್ಲ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ಹೇಳಬಹುದು ನಿಜ, ಆದರೆ ಉರಿ ಪಾತ್ರೆಗೆಲ್ಲ ಸಮನಾಗಿ ತಾಗಿದ್ದರೆ ಮಾತ್ರ. ಒಂದೇ ಮಗ್ಗುಲಿನಿಂದ ಹಿಡಿ ತುಂಬ ತೆಗೆದು ನೋಡಿದರೂ ಉಳಿದದ್ದರ ಸಂಗತಿ ತಿಳಿಯದು.

ಪ್ರಶ್ನೆಯ ರೂಪವೂ ಅಷ್ಟೇ ಮುಖ್ಯ. 2007ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ‘ಶೇ 80ಕ್ಕೂ ಹೆಚ್ಚು ದಂತವೈದ್ಯರು ಕೋಲ್ಗೇಟ್ ಶಿಫಾರಸು ಮಾಡುತ್ತಾರೆ’ ಎಂಬ ಜಾಹೀರಾತನ್ನು ತಡೆಯಿತು. ಸಮೀಕ್ಷೆಯಲ್ಲಿ ಒಬ್ಬ ವೈದ್ಯರು ಒಂದಕ್ಕಿಂತ ಹೆಚ್ಚು ಬ್ರ್ಯಾಂಡ್ ಹೆಸರಿಸಬಹುದಿತ್ತು. ಇನ್ನೊಂದು ಬ್ರ್ಯಾಂಡಿನ ಹೆಸರೂ ಹೆಚ್ಚುಕಡಿಮೆ ಅಷ್ಟೇ ಸಲ ಬಂದಿತ್ತು. ಜಾಹೀರಾತು ಓದಿದವರಿಗೆ ಮಾತ್ರ ಐವರಲ್ಲಿ ನಾಲ್ವರು ಉಳಿದವನ್ನೆಲ್ಲ ಬಿಟ್ಟು ಇದನ್ನೇ ಹೇಳುತ್ತಾರೆ ಎಂಬ ಭಾವನೆ ಬರುತ್ತಿತ್ತು. ಸಂಖ್ಯೆ ಸುಳ್ಳಲ್ಲ, ಆದರೆ ಅದು ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದನ್ನು ಮುಚ್ಚಿಟ್ಟರೆ ಸಂಖ್ಯೆಯೇ ವಂಚನೆಯ ಸಾಧನವಾಗುತ್ತದೆ.

ಇನ್ನು ‘ಪಾಲು’ ಎಂದರೆ ಯಾವುದರ ಪಾಲು? ಮಾರಿದ ಕಿಲೋಗಳದ್ದೇ, ಬಂದ ರೂಪಾಯಿಗಳದ್ದೇ, ಕೊಂಡ ಮನೆಗಳದ್ದೇ? ಒಂದೇ ಕಂಪನಿ ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಮೂರನೆಯದಾಗಿರಬಹುದು. ಅನುಪಾತದ ಪರೀಕ್ಷೆ ಹೊಂದುವುದು ಒಂದೊಂದು ಉತ್ತರವೂ ಸ್ವತಂತ್ರವಾಗಿದ್ದಾಗ. ಒಂದೇ ಮನೆಯವರು ಕೊಂಡ ಹತ್ತು ಪೊಟ್ಟಣವನ್ನು ಹತ್ತು ಸಾಕ್ಷಿಗಳೆಂದು ಎಣಿಸಿದರೆ ಲೆಕ್ಕ ತನ್ನ ಖಚಿತತೆಯನ್ನು ಉಬ್ಬಿಸಿಕೊಳ್ಳುತ್ತದೆ. ಕೆಲವು ಕಡೆ ಪೂರ್ಣ ಎಣಿಕೆಯೇ ಸಿಗುತ್ತದೆ, ಅಲ್ಲಿ ಪರೀಕ್ಷೆಯ ಅಗತ್ಯವೇ ಇಲ್ಲ, ವ್ಯಾಖ್ಯೆಯ ಸ್ಪಷ್ಟತೆ ಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಮೊಬೈಲ್ ಕಂಪನಿಗಳ ಒಟ್ಟು ಸಂಪರ್ಕಗಳನ್ನೂ, ಅವುಗಳಲ್ಲಿ ಸಕ್ರಿಯವಾಗಿರುವವನ್ನೂ ಬೇರೆ ಬೇರೆ ಪ್ರಕಟಿಸುತ್ತದೆ. ವಾಹನ ತಯಾರಕರ ಸಂಘ ಡೀಲರುಗಳಿಗೆ ರವಾನೆಯಾದದ್ದನ್ನು ಎಣಿಸಿದರೆ, ಡೀಲರುಗಳ ಒಕ್ಕೂಟ ನೋಂದಣಿಯಾದದ್ದನ್ನು ಎಣಿಸುತ್ತದೆ. ತನಗೆ ಅನುಕೂಲವಾದ ಎಣಿಕೆಯನ್ನು ಎತ್ತಿಕೊಂಡು ‘ನಮ್ಮ ಪಾಲು’ ಎನ್ನುವವರು ಯಾವ ಎಣಿಕೆ ಎಂದೂ ಹೇಳಬೇಕು.

ಹುಡುಕಿ ಆರಿಸುವ ಚಾಳಿಯ ಬಗ್ಗೆಯೂ ಎಚ್ಚರ ಬೇಕು. ಇಪ್ಪತ್ತು ಜಿಲ್ಲೆಗಳಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಿದರೆ, ಎಲ್ಲಿಯೂ ನಿಜವಾದ ಮುನ್ನಡೆ ಇಲ್ಲದಿದ್ದರೂ, ಶೇ 5ರ ಗಡಿಯನ್ನು ಕನಿಷ್ಠ ಒಂದು ಕಡೆಯಾದರೂ ಆಕಸ್ಮಿಕವಾಗಿ ದಾಟುವ ಸಾಧ್ಯತೆ ಶೇ 64. ಆ ಒಂದು ಜಿಲ್ಲೆಯ ಹೆಸರಿನಲ್ಲಿ ಫಲಕ ನಿಲ್ಲಿಸಿ ಉಳಿದ ಹತ್ತೊಂಬತ್ತನ್ನು ಮರೆತರೆ ಅದು ಸಾಕ್ಷ್ಯವಲ್ಲ. ಇದಕ್ಕೆ ವಿರುದ್ಧದ ತಪ್ಪು ಬೃಹತ್ ಅಂಕಿಅಂಶಗಳದ್ದು. ಐವತ್ತು ಲಕ್ಷ ಜನರ ದತ್ತಾಂಶವಿದ್ದರೆ ಶೇ 40 ಮತ್ತು 40.1ರ ನಡುವಿನ ಅಂತರವೂ ಪರೀಕ್ಷೆಯನ್ನು ಸಲೀಸಾಗಿ ದಾಟುತ್ತದೆ. ಆದರೆ ಅಷ್ಟು ಸಣ್ಣ ಅಂತರದಿಂದ ಕೊಳ್ಳುವವರಿಗೆ ಏನೂ ಆಗಬೇಕಿಲ್ಲ. ಆಕಸ್ಮಿಕವಲ್ಲ ಎಂಬುದು ಬೇರೆ, ಮುಖ್ಯ ಎಂಬುದು ಬೇರೆ.

ಹಾಗಾದರೆ ಏನು ಕೇಳಬೇಕು? ಎಷ್ಟು ಜನರನ್ನು ಕೇಳಿದಿರಿ, ಅವರನ್ನು ಹೇಗೆ ಆರಿಸಿದಿರಿ, ಪ್ರಶ್ನೆ ಯಾವ ಮಾತಿನಲ್ಲಿತ್ತು, ಹೇಳಿದ ಸಂಖ್ಯೆಯನ್ನು ಬಿಟ್ಟು ಬೇರೆ ಎಷ್ಟು ಹೋಲಿಕೆಗಳನ್ನು ಮಾಡಿ ನೋಡಿದಿರಿ. ಈ ನಾಲ್ಕು ಉತ್ತರ ಜಾಹೀರಾತಿನ ಜೊತೆಗೇ ಇರಬೇಕು, ಕಣ್ಣಿಗೆ ಕಾಣುವ ಅಕ್ಷರದಲ್ಲಿ. ವಿವರಣೆ ಜಾಹೀರಾತಿನ ಹೇಳಿಕೆಯ ಭಾಷೆಯಲ್ಲೇ ಇರಬೇಕೆಂದು 2022ರ ಮಾರ್ಗಸೂಚಿ ಈಗಾಗಲೇ ಹೇಳಿದೆ. ಕನ್ನಡದಲ್ಲಿ ‘ನಂಬರ್ ಒನ್’ ಎಂದು ಕೂಗಿ, ಅದರ ಆಧಾರವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಪಿಸುಗುಟ್ಟುವಂತಿಲ್ಲ. ಹಾಗೆ ಮಾಡಿದವರ ಮೇಲೆ ದೂರು ಕೊಡುವ ಹಕ್ಕು ನಮಗಿದೆ, ಅದನ್ನು ಬಳಸಬೇಕು.

ತರಗತಿಗಳಲ್ಲೂ ಒಂದು ಬದಲಾವಣೆ ಆಗಲಿ. ಅನುಪಾತದ ಪರೀಕ್ಷೆಯನ್ನು ಸೂತ್ರಕ್ಕೆ ಸಂಖ್ಯೆ ತುಂಬುವ ಲೆಕ್ಕವಾಗಿ ಮುಗಿಸದೆ, ಮನೆಗೆ ಬರುವ ಜಾಹೀರಾತೊಂದನ್ನು ಮುಂದಿಟ್ಟು, ಮೊದಲ ಊಹೆ ಯಾರ ಪರವಾಗಿರಬೇಕು ಮತ್ತು ಏಕೆ ಎಂದು ವಿದ್ಯಾರ್ಥಿಗಳು ವಾದಿಸಲಿ. ‘ಹೇಳಿಕೆ ಸರಿ’ ಎಂದು ಬರೆಯುವ ಬದಲು ‘ತಳ್ಳಿಹಾಕಲು ಸಾಕ್ಷ್ಯ ಸಾಲದು’ ಎಂದು ಬರೆಯುವುದನ್ನು ಕಲಿತ ವಿದ್ಯಾರ್ಥಿ, ನಾಳೆ ಗ್ರಾಹಕನಾಗಿಯೂ ಮತದಾರನಾಗಿಯೂ ಶೇಕಡಾವಾರುಗಳ ಮುಂದೆ ತಲೆಬಾಗುವುದಿಲ್ಲ. ಸಂಖ್ಯೆ ಹೇಳುವವರು ಬಲಶಾಲಿಗಳು, ಕೇಳುವವರು ಚದುರಿಹೋದವರು. ಈ ಅಸಮಾನತೆಯನ್ನು ಸರಿದೂಗಿಸುವುದಕ್ಕೇ ರುಜುವಾತಿನ ಹೊಣೆ ಹೇಳಿದವರ ಮೇಲಿರಬೇಕು, ರುಜುವಾಗದ ಸಂಖ್ಯೆಯನ್ನು ಸಂಖ್ಯೆಯೆಂದೇ ಪರಿಗಣಿಸಬಾರದು.